ಸಂಭಾಷಣೆಗೆ ಒತ್ತು ಕೊಡುವ ಭಾಷಾ ಶಾಲೆಗೆ ಸೇರಬೇಕೆಂದಿದ್ದೇನೆ: ತರಗತಿಯಿಂದ ಏನನ್ನು ನಿರೀಕ್ಷಿಸಬಹುದು?

ಹೊಸಕಲಿಕೆ:

ಎಲ್ಲರಿಗೂ ನಮಸ್ಕಾರ. ನಾನು ಪಠ್ಯಪುಸ್ತಕ ಮತ್ತು ಧ್ವನಿಮುದ್ರಿಕೆಗಳ ನೆರವಿನಿಂದ ಜಪಾನಿ ಭಾಷೆಯನ್ನು ಬಹುಮಟ್ಟಿಗೆ ಸ್ವಂತವಾಗಿ ಕಲಿತು, ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಾದ ಜೆಎಲ್‌ಪಿಟಿಯಲ್ಲಿ, ಕೆಳಗಿನಿಂದ ಎರಡನೆಯದಾದ ಎನ್4 ಹಂತದಲ್ಲಿ ತೇರ್ಗಡೆಯಾಗಿದ್ದೇನೆ. ಹಿರಗಾನ, ಕತಕಾನ ಲಿಪಿಗಳನ್ನು ತಡವರಿಸದೆ ಓದುತ್ತೇನೆ. ಸರಳವಾದ ಬರಹ ಅರ್ಥವಾಗುತ್ತದೆ. ನಿಧಾನವಾಗಿ ಹೇಳಿದರೆ ಮಾತೂ ತಿಳಿಯುತ್ತದೆ. ಆದರೆ ಎದುರಿಗಿರುವವರು ಜಪಾನಿಯಲ್ಲಿ ಒಂದು ಸಣ್ಣ ಪ್ರಶ್ನೆ ಕೇಳಿದರೂ ಉತ್ತರ ಬಾಯಿಗೆ ಬರುವುದಿಲ್ಲ. ಮನಸ್ಸಿನಲ್ಲಿ ವಾಕ್ಯವನ್ನು ಕಟ್ಟಿ ಮುಗಿಸುವಷ್ಟರಲ್ಲಿ ಮಾತು ಬೇರೆ ವಿಷಯಕ್ಕೆ ಹೋಗಿರುತ್ತದೆ.

ಈ ಕಾರಣದಿಂದ ಸಂಭಾಷಣೆಯನ್ನೇ ಮುಖ್ಯವಾಗಿ ಕಲಿಸುವ ಶಾಲೆಯೊಂದಕ್ಕೆ ಸೇರುವ ಯೋಚನೆಯಲ್ಲಿದ್ದೇನೆ. ನನ್ನ ತಂಗಿಯೂ ಇಂಗ್ಲಿಷ್ ಸಂಭಾಷಣೆಗಾಗಿ ಇಂಥದೇ ಶಾಲೆಯನ್ನು ಹುಡುಕುತ್ತಿದ್ದಾಳೆ. ಅವಳು ಐಇಎಲ್‌ಟಿಎಸ್ ಪರೀಕ್ಷೆ ಬರೆಯಬೇಕಾಗಿದೆ. ಗುಂಪಿನ ತರಗತಿ ಒಳ್ಳೆಯದೋ, ಒಬ್ಬರಿಗೇ ಹೇಳಿಕೊಡುವ ತರಗತಿ ಒಳ್ಳೆಯದೋ? ಕಲಿಸುವವರು ಆ ಭಾಷೆಯ ಮಾತೃಭಾಷಿಕರೇ ಆಗಿರಬೇಕೇ? ತರಗತಿಯೊಳಗೆ ಬೇರೆ ಭಾಷೆಯನ್ನು ಆಡಲೇಬಾರದು ಎಂಬ ನಿಯಮ ನಿಜವಾಗಿ ಉಪಯೋಗಕ್ಕೆ ಬರುತ್ತದೆಯೇ? ಮುಂದೆ ಜಪಾನಿಗೇ ಹೋಗಿ ಕಲಿಯುವ ಆಸೆಯೂ ಇದೆ. ಅನುಭವ ಇರುವವರು ದಯವಿಟ್ಟು ವಿವರವಾಗಿ ತಿಳಿಸಿಕೊಡಿ.

ಬೋಧಕಿ:

ನಾನು ವಯಸ್ಕರಿಗೆ ಜಪಾನಿ ಕಲಿಸುತ್ತೇನೆ. ನಿಮ್ಮ ಸ್ಥಿತಿಯಲ್ಲಿರುವ ಕಲಿಕೆಗಾರರನ್ನು ಪ್ರತಿ ಬ್ಯಾಚ್‌ನಲ್ಲಿಯೂ ಕಾಣುತ್ತೇನೆ, ಆದ್ದರಿಂದ ಇದನ್ನು ನಿಮ್ಮೊಬ್ಬರ ಕೊರತೆಯೆಂದು ತಿಳಿಯಬೇಡಿ. 1984ರಲ್ಲಿ ಆರಂಭವಾಗಿ 2010ರಲ್ಲಿ ನಾಲ್ಕರಿಂದ ಐದು ಹಂತಗಳಿಗೆ ಬದಲಾದ ಜೆಎಲ್‌ಪಿಟಿಯಲ್ಲಿ ಮಾತನಾಡುವ ಭಾಗವೇ ಇಲ್ಲ. ಪದ, ವ್ಯಾಕರಣ, ಓದು, ಆಲಿಕೆ ಎಲ್ಲವನ್ನೂ ಕೊಟ್ಟ ಆಯ್ಕೆಗಳಲ್ಲಿ ಒಂದನ್ನು ಗುರುತಿಸುವ ಮೂಲಕವೇ ಅಳೆಯುತ್ತಾರೆ. ಸರಿಯಾದುದನ್ನು ಗುರುತಿಸುವ ಶಕ್ತಿಯೂ, ಅದನ್ನು ಒಂದೆರಡು ಕ್ಷಣಗಳೊಳಗೆ ತಾನಾಗಿಯೇ ಹೊರತರುವ ಶಕ್ತಿಯೂ ಬೇರೆ ಬೇರೆ. ನೀವು ಮೊದಲನೆಯದನ್ನು ಗಳಿಸಿದ್ದೀರಿ. ಎರಡನೆಯದಕ್ಕೆ ಬೇಕಾದ ಅಭ್ಯಾಸ ಇನ್ನೂ ಆರಂಭವಾಗಿಲ್ಲ.

ಇದಕ್ಕೆ ಅಧ್ಯಯನದ ಆಧಾರವೂ ಇದೆ. ಕೆನಡಾದಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಶಾಲೆಯ ಪಾಠಗಳನ್ನೇ ಫ್ರೆಂಚ್ ಮಾಧ್ಯಮದಲ್ಲಿ ಕಲಿಸುವ ವ್ಯವಸ್ಥೆಯೊಂದಿದೆ. ವರ್ಷಗಟ್ಟಲೆ ಫ್ರೆಂಚನ್ನು ಕೇಳಿ, ಓದಿ ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಿದ್ದ ಆ ಮಕ್ಕಳು ಮಾತಿನಲ್ಲಿಯೂ ಬರವಣಿಗೆಯಲ್ಲಿಯೂ ವ್ಯಾಕರಣದ ತಪ್ಪುಗಳನ್ನು ಬಿಡದೆ ಮಾಡುತ್ತಿದ್ದುದನ್ನು ಗಮನಿಸಿದ ಭಾಷಾ ಸಂಶೋಧಕಿ ಮೆರಿಲ್ ಸ್ವೇನ್, 1985ರಲ್ಲಿ ಒಂದು ವಾದವನ್ನು ಮುಂದಿಟ್ಟರು. ಕೇಳುವಾಗ ಸಂದರ್ಭದ ಸಹಾಯದಿಂದ ಅರ್ಥವನ್ನು ಹಿಡಿದುಬಿಡಬಹುದು, ಪ್ರತ್ಯಯಗಳನ್ನು ಗಮನಿಸಬೇಕಾಗಿಲ್ಲ. ಮಾತನಾಡಲು ಹೊರಟಾಗ ಮಾತ್ರ ತನಗೆ ಯಾವುದು ಬಾರದು ಎಂಬುದು ಕಲಿಕೆಗಾರನಿಗೆ ತಿಳಿಯುತ್ತದೆ ಎಂಬುದು ಅದರ ತಿರುಳು. ಸಂಭಾಷಣೆಯ ತರಗತಿಯ ನಿಜವಾದ ಪ್ರಯೋಜನವನ್ನು ನಾನು ಇಲ್ಲಿಯೇ ಕಾಣುತ್ತೇನೆ. ಅದು ಹೊಸ ಭಾಷೆಯನ್ನು ತುಂಬಿಕೊಡುವ ಜಾಗವೆನ್ನುವುದಕ್ಕಿಂತ, ನೀವು ಬೇರೆಡೆ ಕಲಿತದ್ದನ್ನು ಬಳಸಿ ನೋಡಿ, ಎಲ್ಲಿ ತಡೆಯುತ್ತದೆ ಎಂಬುದನ್ನು ಕಂಡುಕೊಂಡು, ತಿದ್ದಿಸಿಕೊಳ್ಳುವ ಜಾಗ.

ಹಾಗಾದರೆ ಶಾಲೆಯನ್ನು ಅಳೆಯುವುದು ಹೇಗೆ? ಮೊದಲು ಒಂದು ಸರಳವಾದ ಲೆಕ್ಕ ಹಾಕಿ. ಅರುವತ್ತು ನಿಮಿಷಗಳ ತರಗತಿಯಲ್ಲಿ ಆರು ಜನ ಇದ್ದಾರೆ, ಶಿಕ್ಷಕರೇ ಅರ್ಧ ಹೊತ್ತು ಮಾತನಾಡುತ್ತಾರೆ, ಉಳಿದ ಹೊತ್ತಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಉತ್ತರಿಸುತ್ತಾರೆ ಎಂದುಕೊಂಡರೆ ನಿಮ್ಮ ಪಾಲಿಗೆ ಐದು ನಿಮಿಷ ಬರುತ್ತದೆ. ಅದೇ ಆರು ಜನರನ್ನು ಇಬ್ಬಿಬ್ಬರ ಜೋಡಿಗಳಾಗಿಸಿ, ಎಲ್ಲ ಜೋಡಿಗಳೂ ಏಕಕಾಲದಲ್ಲಿ ಮಾತನಾಡುವಂತೆ ಮಾಡಿದರೆ ಅದೇ ಅರ್ಧ ಗಂಟೆಯಲ್ಲಿ ನಿಮಗೆ ಹದಿನೈದು ನಿಮಿಷ ದೊರೆಯುತ್ತದೆ. ಆದ್ದರಿಂದ ಡೆಮೊ ತರಗತಿಯಲ್ಲಿ ಕುಳಿತಾಗ ಶಿಕ್ಷಕರು ಎಷ್ಟು ಸೊಗಸಾಗಿ ವಿವರಿಸುತ್ತಾರೆ ಎಂಬುದನ್ನು ನೋಡಬೇಡಿ. ವಿದ್ಯಾರ್ಥಿಗಳು ಎಷ್ಟು ಹೊತ್ತು ಮಾತನಾಡಿದರು ಎಂಬುದನ್ನು ನೋಡಿ.

ಎರಡನೆಯದು ತಿದ್ದುವ ರೀತಿ. ಇದೇ ಕೆನಡಾದ ಫ್ರೆಂಚ್ ಮಾಧ್ಯಮದ ತರಗತಿಗಳನ್ನು ಗಮನಿಸಿ ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ 1997ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಭಾಷಾ ಶಿಕ್ಷಕರು ಇಂದಿಗೂ ನೆನೆಯುತ್ತಾರೆ. ಶಿಕ್ಷಕರು ಮಾಡಿದ ತಿದ್ದುವಿಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಬಗೆಯವಾಗಿದ್ದವು: ವಿದ್ಯಾರ್ಥಿ ತಪ್ಪಾಗಿ ಹೇಳಿದ ಮಾತನ್ನು, ತಪ್ಪಾಯಿತೆಂದು ಹೇಳದೆ, ಸರಿಯಾದ ರೂಪದಲ್ಲಿ ಮತ್ತೊಮ್ಮೆ ನುಡಿದುಬಿಡುವುದು. ಅದು ಸೌಜನ್ಯದ ದಾರಿ, ಮಾತಿನ ಓಟವೂ ತಪ್ಪುವುದಿಲ್ಲ; ಆದರೆ ವಿದ್ಯಾರ್ಥಿಗಳು ಅದಕ್ಕೆ ಸ್ಪಂದಿಸಿದ್ದು ಮೂರರಲ್ಲಿ ಒಂದಕ್ಕಿಂತಲೂ ಕಡಿಮೆ ಸಂದರ್ಭಗಳಲ್ಲಿ. "ಇನ್ನೊಮ್ಮೆ ಹೇಳಿ ನೋಡಿ, ಕ್ರಿಯಾಪದವನ್ನು ಗಮನಿಸಿ" ಎಂಬಂತೆ ವಿದ್ಯಾರ್ಥಿಯ ಬಾಯಿಂದಲೇ ಸರಿಯಾದ ರೂಪವನ್ನು ಹೊರಡಿಸುವ ತಿದ್ದುವಿಕೆಗೆ ಇದಕ್ಕಿಂತ ಬಹಳ ಹೆಚ್ಚಿನ ಸ್ಪಂದನೆ ಇತ್ತು. ನಗುಮುಖದಿಂದ ಎಲ್ಲವನ್ನೂ ಒಪ್ಪಿಕೊಳ್ಳುತ್ತ ಹೋಗುವ ಶಿಕ್ಷಕರ ತರಗತಿ ಹಿತವಾಗಿರುತ್ತದೆ, ಆದರೆ ಅಲ್ಲಿ ಒಂದು ವರ್ಷ ಕಳೆದ ಮೇಲೂ ಅದೇ ನಾಲ್ಕು ಬಗೆಯ ವಾಕ್ಯಗಳಲ್ಲಿ ಮಾತನಾಡುತ್ತಿರುವ ಕಲಿಕೆಗಾರರನ್ನು ನಾನು ಕಂಡಿದ್ದೇನೆ.

ಅರಳುಮಾತು:

ಬೋಧಕಿಯವರ ಮಾತನ್ನು ಗೌರವಿಸುತ್ತಲೇ ಒಂದು ಅಂಶವನ್ನು ಒಪ್ಪಲಾರೆ. ನಾನು ಇಂಗ್ಲಿಷ್ ಸಂಭಾಷಣೆಯ ಶಾಲೆಯಲ್ಲಿ ಕಲಿತವನು. ಮೊದಲು ಸೇರಿದ ತರಗತಿಯಲ್ಲಿ ಪ್ರತಿ ವಾಕ್ಯಕ್ಕೂ ಶಿಕ್ಷಕರು ತಡೆದು ತಿದ್ದುತ್ತಿದ್ದರು, ಅದರ ಫಲವಾಗಿ ಎಲ್ಲರೂ ಬಾಯಿ ಬಿಡುವುದನ್ನೇ ಕಡಿಮೆ ಮಾಡಿದರು. ಗೊತ್ತಿರುವ ಸುರಕ್ಷಿತವಾದ ವಾಕ್ಯಗಳನ್ನು ಮಾತ್ರ ಹೇಳಿ ಸುಮ್ಮನಾಗುತ್ತಿದ್ದೆವು. ನಂತರ ಸೇರಿದ ಕಡೆ, ಮಾತು ಮುಗಿಯುವವರೆಗೆ ಯಾರೂ ತಡೆಯುತ್ತಿರಲಿಲ್ಲ. ಅಲ್ಲಿಯೇ ನನ್ನ ನಾಲಿಗೆ ಸಡಿಲವಾದದ್ದು. ಹೊಸಕಲಿಕೆಯವರ ತೊಂದರೆ ತಪ್ಪಾಗಿ ಮಾತನಾಡುವುದಲ್ಲ, ಮಾತನಾಡಲು ಆಗದಿರುವುದು. ಅಂಥವರಿಗೆ ಮೊದಲ ಕೆಲವು ತಿಂಗಳು ತಿದ್ದುವಿಕೆಯ ಭಾರವನ್ನು ಹೊರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೋಧಕಿ:

ನೀವು ಹೇಳಿದ ಮೊದಲನೆಯ ತರಗತಿಯನ್ನು ನಾನೂ ಸಮರ್ಥಿಸುವುದಿಲ್ಲ. ಪ್ರತಿ ವಾಕ್ಯವನ್ನೂ ತಡೆಯುವುದು ತಿದ್ದುವ ಕ್ರಮವೇ ಅಲ್ಲ. ಆದರೆ ನಿರರ್ಗಳವಾಗಿ ಮಾತನಾಡುವ ಅಭ್ಯಾಸಕ್ಕೂ ತಪ್ಪಿಲ್ಲದೆ ಮಾತನಾಡುವ ಅಭ್ಯಾಸಕ್ಕೂ ಒಂದೇ ತರಗತಿಯೊಳಗೆ ಬೇರೆ ಬೇರೆ ಹೊತ್ತನ್ನು ಮೀಸಲಿಡಬಹುದು, ತಿಂಗಳುಗಟ್ಟಲೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕಾಗಿಲ್ಲ. ಉದಾಹರಣೆಗೆ 4-3-2 ಎಂಬ ಅಭ್ಯಾಸವಿದೆ. ಒಂದು ವಿಷಯವನ್ನು ಮೊದಲ ಜೊತೆಗಾರರಿಗೆ ನಾಲ್ಕು ನಿಮಿಷ ಹೇಳಬೇಕು, ಅದನ್ನೇ ಎರಡನೆಯವರಿಗೆ ಮೂರು ನಿಮಿಷಗಳಲ್ಲಿ, ಮೂರನೆಯವರಿಗೆ ಎರಡು ನಿಮಿಷಗಳಲ್ಲಿ ಹೇಳಬೇಕು. ವಿಷಯವೂ ಪದಗಳೂ ಆಗಲೇ ಸಿದ್ಧವಾಗಿರುವುದರಿಂದ ಮನಸ್ಸು ವೇಗದ ಕಡೆಗೆ ತಿರುಗುತ್ತದೆ, ನಡುವಿನ ಮೌನಗಳು ಕಡಿಮೆಯಾಗುತ್ತವೆ. ಆ ಹೊತ್ತಿನಲ್ಲಿ ನಾನು ಒಂದು ಮಾತನ್ನೂ ತಿದ್ದುವುದಿಲ್ಲ. ಕೇಳಿಸಿಕೊಂಡ ತಪ್ಪುಗಳನ್ನು ಬರೆದುಕೊಂಡು, ಕೊನೆಯ ಹತ್ತು ನಿಮಿಷಗಳಲ್ಲಿ, ಯಾರು ಹೇಳಿದ್ದೆಂದು ಹೆಸರಿಸದೆ ಹಲಗೆಯ ಮೇಲೆ ಬರೆದು, ಎಲ್ಲರೂ ಸೇರಿ ಸರಿಪಡಿಸುವಂತೆ ಹೇಳುತ್ತೇನೆ. ತಪ್ಪು ಆಗ ಎಲ್ಲರದಾಗುತ್ತದೆ.

ಪಾಲ್ ನೇಷನ್ ಎಂಬ ವಿದ್ವಾಂಸರು ಭಾಷಾ ಪಾಠಕ್ರಮದಲ್ಲಿ ನಾಲ್ಕು ಎಳೆಗಳಿರಬೇಕೆನ್ನುತ್ತಾರೆ. ಅರ್ಥಕ್ಕಾಗಿ ಕೇಳುವುದು ಮತ್ತು ಓದುವುದು, ಅರ್ಥಕ್ಕಾಗಿ ಮಾತನಾಡುವುದು ಮತ್ತು ಬರೆಯುವುದು, ಭಾಷೆಯ ರೂಪವನ್ನೇ ಗಮನವಿಟ್ಟು ಕಲಿಯುವುದು, ಬಲ್ಲದ್ದನ್ನು ಸರಾಗಗೊಳಿಸುವುದು. ಈ ನಾಲ್ಕಕ್ಕೂ ಹೆಚ್ಚುಕಡಿಮೆ ಸಮಾನವಾದ ಹೊತ್ತು ಸಲ್ಲಬೇಕು ಎಂಬುದು ಅವರ ನಿಲುವು. ಸಂಭಾಷಣೆಯ ಶಾಲೆ ಇವುಗಳಲ್ಲಿ ಎರಡನೆಯದನ್ನೂ ನಾಲ್ಕನೆಯದನ್ನೂ ಚೆನ್ನಾಗಿ ಕೊಡಬಲ್ಲದು. ಉಳಿದೆರಡು ಮನೆಯಲ್ಲಿಯೇ ಆಗಬೇಕು, ಅದನ್ನು ಶಾಲೆಯ ಮೇಲೆ ಬಿಟ್ಟು ಕುಳಿತವರಿಗೆ ನಿರಾಶೆಯಾಗುತ್ತದೆ.

ದೂರದೂರು:

ಜಪಾನಿಗೆ ಹೋಗಿ ಕಲಿಯುವ ಆಸೆಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಅಲ್ಲಿ "ಭಾಷಾ ಶಾಲೆ" ಎಂದು ಕರೆಯಲ್ಪಡುವ ಸಂಸ್ಥೆಗಳು ಎರಡು ತೀರ ಬೇರೆಯಾದ ಬಗೆಯವು. ವಿದೇಶಿಯರಿಗೆ ವಿದ್ಯಾರ್ಥಿ ವೀಸಾ ದೊರೆಯುವಂಥ ಜಪಾನಿ ಭಾಷಾ ಶಾಲೆಗಳು ಒಂದು ಬಗೆ. ಅವುಗಳಲ್ಲಿ ವಾರಕ್ಕೆ ಐದು ದಿನ ಪಾಠ, ವರ್ಷಕ್ಕೆ 760 ಪಾಠದ ಅವಧಿಗಳಿಗೆ ಕಡಿಮೆಯಿಲ್ಲದ ಬೋಧನೆ, ಹಾಜರಾತಿಯ ಬಗ್ಗೆ ಬಿಗಿಯಾದ ನಿಯಮ ಇರುತ್ತವೆ. ವಾರಕ್ಕೊಂದೆರಡು ಬಾರಿ ಬಂದು ಮಾತನಾಡಿ ಹೋಗುವ ಸಂಭಾಷಣೆಯ ತರಗತಿಗಳು ಎರಡನೆಯ ಬಗೆ. ಇವುಗಳ ಆಧಾರದ ಮೇಲೆ ವಿದ್ಯಾರ್ಥಿ ವೀಸಾ ಸಿಗುವುದಿಲ್ಲ. ಜಪಾನಿನವರು ಇಂಗ್ಲಿಷ್ ಕಲಿಯಲು ಹೋಗುವ, "ಏಕಾಯ್ವಾ" ಎನ್ನುವ ಶಾಲೆಗಳೂ ಈ ಎರಡನೆಯ ಬಗೆಗೇ ಸೇರುತ್ತವೆ.

2024ರ ಏಪ್ರಿಲ್ 1ರಿಂದ ಜಪಾನಿ ಭಾಷಾ ಶಿಕ್ಷಣ ಸಂಸ್ಥೆಗಳಿಗೆ ಶಿಕ್ಷಣ ಸಚಿವಾಲಯದ ಮಾನ್ಯತೆ ನೀಡುವ ಹೊಸ ಕಾನೂನು ಅಲ್ಲಿ ಜಾರಿಗೆ ಬಂದಿದೆ. ಅದರೊಂದಿಗೆ ಜಪಾನಿ ಭಾಷಾ ಶಿಕ್ಷಕರಿಗೆ ರಾಷ್ಟ್ರೀಯ ಅರ್ಹತೆಯೊಂದನ್ನೂ ತಂದಿದ್ದಾರೆ. ಹಳೆಯ ಶಾಲೆಗಳಿಗೆ ಬದಲಾಗಲು ಐದು ವರ್ಷಗಳ ಕಾಲಾವಕಾಶ ಇರುವುದರಿಂದ, ನೀವು ನೋಡುತ್ತಿರುವ ಶಾಲೆ ಹೊಸ ಮಾನ್ಯತೆಯನ್ನು ಪಡೆದಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ವಿದ್ಯಾರ್ಥಿ ವೀಸಾದಲ್ಲಿರುವವರು ಅನುಮತಿ ಪಡೆದು ವಾರಕ್ಕೆ 28 ಗಂಟೆಗಳವರೆಗೆ ದುಡಿಯಬಹುದು. ಈ ದುಡಿಮೆಯನ್ನು ಹಣಕ್ಕಾಗಿ ಮಾತ್ರ ನೋಡಬೇಡಿ. ತರಗತಿಯಲ್ಲಿ ಕಲಿತ ಗೌರವರೂಪಗಳನ್ನು ದಿನವೂ ಬಳಸಲೇಬೇಕಾದ ಕೆಲಸವನ್ನು ಆರಿಸಿಕೊಂಡವರು, ಮಾತಿನ ಅಗತ್ಯವಿಲ್ಲದ ಕೆಲಸಕ್ಕೆ ಸೇರಿದವರಿಗಿಂತ ಬಹಳ ಬೇಗ ಮುಂದೆ ಹೋದದ್ದನ್ನು ನನ್ನ ಸಹಪಾಠಿಗಳಲ್ಲಿ ಕಂಡಿದ್ದೇನೆ. ಜಪಾನಿನಲ್ಲಿ ಇದ್ದ ಮಾತ್ರಕ್ಕೆ ಜಪಾನಿ ಬರುವುದಿಲ್ಲ. ತಮ್ಮ ದೇಶದವರೊಂದಿಗೇ ವಾಸವಾಗಿದ್ದು, ತರಗತಿ ಮುಗಿದ ಮೇಲೆ ಜಪಾನಿಯನ್ನು ಆಡದವರೂ ನಮ್ಮಲ್ಲಿ ಇದ್ದರು.

ಹಣದ ಬಗ್ಗೆಯೂ ಎಚ್ಚರಿಕೆ ಬೇಕು. ದೊಡ್ಡ ಮೊತ್ತವನ್ನು ಮುಂಗಡವಾಗಿ ಕಟ್ಟಿದರೆ ತಾಸಿನ ದರ ಅಗ್ಗವಾಗುತ್ತದೆ ಎನ್ನುವ ಕ್ರಮ ಸಂಭಾಷಣೆಯ ಶಾಲೆಗಳಲ್ಲಿ ಸಾಮಾನ್ಯ. ಜಪಾನಿನ ಅತಿ ದೊಡ್ಡ ಇಂಗ್ಲಿಷ್ ಸಂಭಾಷಣಾ ಶಾಲೆಗಳ ಜಾಲವಾಗಿದ್ದ ನೋವಾ, ಹೀಗೆ ಮುಂಗಡ ಟಿಕೆಟ್‌ಗಳನ್ನು ಮಾರುತ್ತಿತ್ತು. ನಡುವೆ ಬಿಟ್ಟವರಿಗೆ ಹಣ ಹಿಂತಿರುಗಿಸುವಾಗ ಅದು ಹಾಕುತ್ತಿದ್ದ ಲೆಕ್ಕ ಸಲ್ಲದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2007ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು. ಜೂನ್‌ನಲ್ಲಿ ಸರ್ಕಾರ ಅದರ ಹೊಸ ದೀರ್ಘಾವಧಿ ಒಪ್ಪಂದಗಳಿಗೆ ಆರು ತಿಂಗಳ ತಡೆ ಹಾಕಿತು. ಅಕ್ಟೋಬರ್‌ನಲ್ಲಿ ಸಂಸ್ಥೆ ಕುಸಿದು ನ್ಯಾಯಾಲಯದ ರಕ್ಷಣೆ ಕೋರಿತು. ಶುಲ್ಕ ಕಟ್ಟಿದ್ದ ಅಪಾರ ಸಂಖ್ಯೆಯ ವಿದ್ಯಾರ್ಥಿಗಳೂ ಸಂಬಳ ಬಾರದ ಸಾವಿರಾರು ಶಿಕ್ಷಕರೂ ಕಷ್ಟಕ್ಕೆ ಸಿಕ್ಕಿದರು. ಆ ದೇಶದ ಕಾನೂನಿನ ಪ್ರಕಾರ ಎರಡು ತಿಂಗಳಿಗಿಂತ ದೀರ್ಘವಾದ, 50,000 ಯೆನ್‌ಗಿಂತ ಹೆಚ್ಚು ಮೊತ್ತದ ಭಾಷಾ ತರಗತಿಯ ಒಪ್ಪಂದವನ್ನು, ಒಪ್ಪಂದದ ಪತ್ರ ಕೈಸೇರಿದ ಎಂಟು ದಿನಗಳೊಳಗೆ ಕಾರಣ ಹೇಳದೆ ರದ್ದುಪಡಿಸಬಹುದು. ಪಾಠ ಆರಂಭವಾದ ಮೇಲೆ ಬಿಟ್ಟರೂ, ಕಲಿತ ಪಾಠಗಳ ಶುಲ್ಕವನ್ನು ಬಿಟ್ಟು, 50,000 ಯೆನ್ ಅಥವಾ ಉಳಿದ ಒಪ್ಪಂದದ ಮೊತ್ತದ ಶೇಕಡ 20, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚನ್ನು ಶಾಲೆ ಕೇಳುವಂತಿಲ್ಲ. ನೀವು ಎಲ್ಲಿ ಕಲಿತರೂ ಸರಿ, ಹಣ ಹಿಂತಿರುಗಿಸುವ ನಿಯಮವನ್ನು ಬರಹದಲ್ಲಿ ಪಡೆಯದೆ ದೀರ್ಘಾವಧಿಯ ಶುಲ್ಕವನ್ನು ಕಟ್ಟಬೇಡಿ.

ವ್ಯಾಕರಣಪ್ರಿಯ:

ಕನ್ನಡ ಬಲ್ಲವರಿಗೆ ಜಪಾನಿ ಸಂಭಾಷಣೆಯಲ್ಲಿ ಇರುವ ಒಂದು ದೊಡ್ಡ ಅನುಕೂಲವನ್ನು ಭಾಷಾ ಶಾಲೆಗಳು ಸಾಮಾನ್ಯವಾಗಿ ಹೇಳುವುದಿಲ್ಲ, ಏಕೆಂದರೆ ಅವುಗಳ ಪಾಠಪುಸ್ತಕಗಳು ಬಹುಪಾಲು ಇಂಗ್ಲಿಷ್ ಬಲ್ಲವರನ್ನು ಮನಸ್ಸಿನಲ್ಲಿಟ್ಟುಕೊಂಡು ಸಿದ್ಧವಾಗಿವೆ. ಜಪಾನಿಯಲ್ಲಿಯೂ ಕ್ರಿಯಾಪದ ಕೊನೆಗೆ ಬರುತ್ತದೆ, ವಿಭಕ್ತಿಯಂಥ ಪ್ರತ್ಯಯಗಳು ನಾಮಪದದ ಹಿಂದೆಯೇ ಹತ್ತಿಕೊಳ್ಳುತ್ತವೆ, "ನಿನ್ನೆ ಬಂದ ಅತಿಥಿ" ಎನ್ನುವಂತೆ ವಿವರಣೆ ಮೊದಲು ಬಂದು ನಾಮಪದ ಆಮೇಲೆ ಬರುತ್ತದೆ. "ಹೋಗಿ, ನೋಡಿ, ಬಂದೆ" ಎಂದು ನಾವು ಕ್ರಿಯೆಗಳನ್ನು ಪೋಣಿಸುವ ಕೆಲಸವನ್ನು ಅಲ್ಲಿ ತೆ-ರೂಪ ಮಾಡುತ್ತದೆ. ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆ ಜಪಾನಿಗೆ 2,200 ತರಗತಿ ಗಂಟೆಗಳು ಬೇಕೆಂದು ಲೆಕ್ಕ ಹಾಕಿರುವುದು ಇಂಗ್ಲಿಷ್ ಮಾತೃಭಾಷಿಕರನ್ನು ಕುರಿತು. ಆ ಅಂಕಿಯನ್ನು ನೋಡಿ ನೀವು ಎದೆಗುಂದಬೇಕಾಗಿಲ್ಲ. ಮಾತನಾಡುವಾಗ ಇಂಗ್ಲಿಷಿನಲ್ಲಿ ಯೋಚಿಸಿ ಜಪಾನಿಗೆ ತಿರುಗಿಸುವ ಅಭ್ಯಾಸ ನಿಮಗಿದ್ದರೆ, ಉತ್ತರ ತಡವಾಗುವುದಕ್ಕೆ ಅದೇ ಒಂದು ಕಾರಣವಾಗಿರಬಹುದು: ವಾಕ್ಯವನ್ನು ಕೊನೆಯಿಂದ ಮೊದಲಿಗೆ ತಿರುಗಿಸುವ ಕೆಲಸ ಪ್ರತಿ ಸಲವೂ ನಡೆಯುತ್ತಿರುತ್ತದೆ. ಕನ್ನಡದ ಕ್ರಮದಲ್ಲಿಯೇ ಯೋಚಿಸಿದರೆ ಪದಗಳು ಬೇಕಾದ ಸರದಿಯಲ್ಲಿಯೇ ಬರುತ್ತವೆ. ಹ್ರಸ್ವ, ದೀರ್ಘ ಸ್ವರಗಳ ವ್ಯತ್ಯಾಸವೂ ಒತ್ತಕ್ಷರದ ಬಿಗಿಯೂ ಎರಡೂ ಭಾಷೆಗಳಲ್ಲಿ ಇರುವುದರಿಂದ ಉಚ್ಚಾರಣೆಯ ಅರ್ಧ ಕಷ್ಟ ಮೊದಲೇ ಕಳೆದಿರುತ್ತದೆ.

ಆದರೆ ನಮಗೆ ಕಷ್ಟವಾಗುವ ಕಡೆಗಳೂ ಇವೆ, ತರಗತಿಯ ಹೊತ್ತನ್ನು ಅವುಗಳ ಮೇಲೆ ಖರ್ಚು ಮಾಡಿಸಿಕೊಳ್ಳಿ. ಕನ್ನಡದ ಕ್ರಿಯಾಪದ "ಬಂದಳು" ಎಂದಾಗಲೇ ಬಂದವರು ಯಾರೆಂಬುದರ ಸುಳಿವು ಕೊಡುತ್ತದೆ. ಜಪಾನಿಯ ಕ್ರಿಯಾಪದದಲ್ಲಿ ಲಿಂಗ, ವಚನ, ಪುರುಷ ಯಾವುದೂ ಇಲ್ಲ, ಮೇಲಾಗಿ ಕರ್ತೃಪದವನ್ನು ಬಿಟ್ಟೇ ಮಾತನಾಡುತ್ತಾರೆ. ಯಾರು ಯಾರಿಗಾಗಿ ಮಾಡಿದರು ಎಂಬುದು ಕೊಡುವ, ಪಡೆಯುವ ಕ್ರಿಯಾಪದಗಳಿಂದಲೂ ಗೌರವರೂಪಗಳಿಂದಲೂ ತಿಳಿಯಬೇಕು. ನಮ್ಮಲ್ಲಿ ಯಾರು ಯಾರಿಗೆ ಕೊಟ್ಟರೂ ಒಂದೇ ಕ್ರಿಯಾಪದ. ಅಲ್ಲಿ ನಾನು ಇನ್ನೊಬ್ಬರಿಗೆ ಕೊಡುವುದಕ್ಕೂ ಇನ್ನೊಬ್ಬರು ನನಗೆ ಕೊಡುವುದಕ್ಕೂ ಬೇರೆ ಬೇರೆ ಕ್ರಿಯಾಪದಗಳಿವೆ. ಇದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಸರಿಯಾಗಿ ಗುರುತಿಸಬಹುದು, ಮಾತಿನಲ್ಲಿ ಮಾತ್ರ ಹಲವು ಸಲ ಎಡವಿ ತಿದ್ದಿಸಿಕೊಂಡ ಮೇಲೆಯೇ ಹಿಡಿತಕ್ಕೆ ಬರುತ್ತದೆ. ಪದದೊಳಗಿನ ಸ್ವರದ ಏರಿಳಿತವೂ ಕನ್ನಡದಲ್ಲಿ ಇಲ್ಲದ ಸಂಗತಿ, ಅದಕ್ಕೆ ಕಿವಿಯನ್ನು ಮೊದಲಿನಿಂದಲೇ ತರಬೇತಿಗೊಳಿಸಬೇಕು.

ಇನ್ನೊಂದು ಮಾತು. ಜಪಾನಿ ಸಂಭಾಷಣೆಯಲ್ಲಿ ಕೇಳುವವರೂ ಸುಮ್ಮನಿರುವುದಿಲ್ಲ. ಎದುರಿನವರು ಮಾತನಾಡುತ್ತಿರುವಾಗ ನಡುನಡುವೆ "ಹಾಯ್" (ಹೌದು), "ಸೋ ದೆಸು ನೆ" (ಹೌದಲ್ಲವೇ) ಎಂದು ಹೂಂಗುಡುತ್ತಿರಬೇಕು. ಇದನ್ನು "ಐಜುಚಿ" ಎನ್ನುತ್ತಾರೆ. ಸ್ವಂತವಾಗಿ ಕಲಿತವರಲ್ಲಿ ಈ ಅಭ್ಯಾಸ ಬಹುತೇಕ ಇರುವುದೇ ಇಲ್ಲ, ಕೇಳುವವರು ಮೌನವಾಗಿದ್ದರೆ ತನ್ನ ಮಾತು ಅರ್ಥವಾಗಲಿಲ್ಲವೆಂದು ಹೇಳುವವರು ತಿಳಿಯುತ್ತಾರೆ. ಇದಕ್ಕೆ ಮನುಷ್ಯರ ಎದುರಿನ ಅಭ್ಯಾಸವೇ ಆಗಬೇಕು.

ಆಲಿಕೆ:

ತಂಗಿಯವರ ಇಂಗ್ಲಿಷ್ ಬಗ್ಗೆ ನಾನು ಹೇಳುತ್ತೇನೆ. ಐಇಎಲ್‌ಟಿಎಸ್‌ನಲ್ಲಿ ಮಾತನಾಡುವ ಪರೀಕ್ಷೆ ಪರೀಕ್ಷಕರೊಬ್ಬರ ಎದುರು 11ರಿಂದ 14 ನಿಮಿಷ ನಡೆಯುತ್ತದೆ. ಮೊದಲು ಪರಿಚಿತ ವಿಷಯಗಳ ಪ್ರಶ್ನೆಗಳು, ಆಮೇಲೆ ಒಂದು ನಿಮಿಷದ ಸಿದ್ಧತೆಯ ನಂತರ ಕೊಟ್ಟ ವಿಷಯದ ಮೇಲೆ ಒಬ್ಬರೇ ಎರಡು ನಿಮಿಷದವರೆಗೆ ಮಾತನಾಡುವುದು, ಕೊನೆಗೆ ಅದೇ ವಿಷಯವನ್ನು ಹಿಡಿದು ಆಳವಾದ ಚರ್ಚೆ. ಸರಾಗತೆ ಮತ್ತು ಸುಸಂಬದ್ಧತೆ, ಪದಸಂಪತ್ತು, ವ್ಯಾಕರಣದ ವ್ಯಾಪ್ತಿ ಮತ್ತು ನಿಖರತೆ, ಉಚ್ಚಾರಣೆ ಎಂಬ ನಾಲ್ಕು ಅಂಶಗಳಿಗೂ ಸಮಾನ ತೂಕ. ಸಂಭಾಷಣೆಯ ಶಾಲೆಗಳಲ್ಲಿ ಸಾಮಾನ್ಯವಾಗಿ ಮೊದಲ ಭಾಗದಂಥ ಮಾತೇ ಹೆಚ್ಚು ನಡೆಯುತ್ತದೆ: ಚಿಕ್ಕ ಪ್ರಶ್ನೆ, ಚಿಕ್ಕ ಉತ್ತರ. ಎರಡು ನಿಮಿಷ ಎಡೆಬಿಡದೆ ಮಾತನಾಡುವ ಮತ್ತು ಕಾರಣ ಕೊಟ್ಟು ವಾದಿಸುವ ಅಭ್ಯಾಸ ತರಗತಿಯಲ್ಲಿ ಇದೆಯೇ ಎಂದು ತಂಗಿಯವರು ವಿಚಾರಿಸಲಿ. ಇಲ್ಲದಿದ್ದರೆ ಆ ತರಗತಿ ಅವರ ಉದ್ದೇಶಕ್ಕೆ ಸಾಲದು.

ಬೇರೆ ಭಾಷೆಯನ್ನು ಆಡಬಾರದೆಂಬ ನಿಯಮಕ್ಕೆ ಹಳೆಯ ಚರಿತ್ರೆ ಇದೆ. ಮ್ಯಾಕ್ಸಿಮಿಲಿಯನ್ ಬರ್ಲಿಟ್ಜ್ 1878ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಪ್ರಾವಿಡೆನ್ಸ್‌ನಲ್ಲಿ ತೆರೆದ ಶಾಲೆಯಿಂದ ಅದು ಹೆಸರುವಾಸಿಯಾಯಿತು. ಅವರು ನೇಮಿಸಿಕೊಂಡ ಫ್ರೆಂಚ್ ಸಹಾಯಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲವಾದ್ದರಿಂದ, ವಸ್ತುಗಳನ್ನು ತೋರಿಸಿ, ಅಭಿನಯಿಸಿ ಫ್ರೆಂಚಿನಲ್ಲಿಯೇ ಕಲಿಸಬೇಕಾಯಿತು. ಅದು ಫಲ ಕೊಟ್ಟದ್ದನ್ನು ಕಂಡು ಅದನ್ನೇ ಪದ್ಧತಿಯಾಗಿಸಿದರು ಎಂಬುದು ಆ ಸಂಸ್ಥೆಯೇ ಹೇಳಿಕೊಂಡು ಬಂದ ವೃತ್ತಾಂತ. ಅಭ್ಯಾಸದ ಹೊತ್ತಿನಲ್ಲಿ ಈ ನಿಯಮವನ್ನು ಪಾಲಿಸುವುದು ಬಹಳ ಒಳ್ಳೆಯದು, ಏಕೆಂದರೆ ತಡವರಿಸಿದಾಗ ಬೇರೆ ಪದದಿಂದ ಸುತ್ತಿ ಹೇಳುವ ಜಾಣ್ಮೆ ಅದರಿಂದಲೇ ಬೆಳೆಯುತ್ತದೆ. ಆದರೆ ಒಂದು ವ್ಯಾಕರಣದ ಸೂಕ್ಷ್ಮವನ್ನು ಮಾತೃಭಾಷೆಯ ಎರಡು ವಾಕ್ಯಗಳಲ್ಲಿ ತಿಳಿಸಬಹುದಾದ ಕಡೆ ಹತ್ತು ನಿಮಿಷ ಅಭಿನಯಿಸುವುದರಲ್ಲಿ ಅರ್ಥವಿಲ್ಲ.

ಮಾತೃಭಾಷಿಕರೇ ಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ತರಬೇತಿ ಪಡೆದವರು ಬೇಕು. ಮಾತೃಭಾಷಿಕರಿಗೆ ಯಾವ ವಾಕ್ಯ ಸಹಜ, ಯಾವುದು ಅಸಹಜ ಎಂಬುದು ಥಟ್ಟನೆ ಗೊತ್ತಾಗುತ್ತದೆ. ಅದು ಏಕೆ ಅಸಹಜವೆಂದು ವಿವರಿಸುವುದು ಪ್ರತ್ಯೇಕವಾದ ವಿದ್ಯೆ. ಅದೇ ಭಾಷೆಯನ್ನು ಕಷ್ಟಪಟ್ಟು ಕಲಿತ ಶಿಕ್ಷಕರಿಗೆ ನೀವು ಎಲ್ಲಿ ಎಡವುತ್ತೀರೆಂಬುದು ಮುಂಚೆಯೇ ತಿಳಿದಿರುತ್ತದೆ. ಎರಡೂ ಬಗೆಯವರಿಂದ ಕಲಿಯುವ ಅವಕಾಶ ಸಿಕ್ಕರೆ ಬಿಡಬೇಡಿ.

ಹೊಸಕಲಿಕೆ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಇಂಗ್ಲಿಷಿನಲ್ಲಿ ಯೋಚಿಸಿ ತಿರುಗಿಸುವ ಅಭ್ಯಾಸ ನನಗೆ ಖಂಡಿತವಾಗಿ ಇದೆ, ಅದನ್ನು ಇದುವರೆಗೆ ನಾನು ಗಮನಿಸಿಯೇ ಇರಲಿಲ್ಲ. ಇನ್ನೊಂದು ಪ್ರಶ್ನೆ: ವಾರಕ್ಕೆ ಎರಡು ತರಗತಿಗಳಿಗೆ ಮಾತ್ರ ಹೋಗಲು ಸಾಧ್ಯವಾಗುವವರು ಉಳಿದ ದಿನಗಳಲ್ಲಿ ಏನು ಮಾಡಬೇಕು? ತರಗತಿಗೆ ಮುಂಚಿತವಾಗಿ ಉತ್ತರಗಳನ್ನು ಬರೆದುಕೊಂಡು ಹೋಗುವುದು ಸರಿಯೇ, ಅಥವಾ ಅದು ಬಾಯಿಪಾಠವಾಗಿಬಿಡುತ್ತದೆಯೇ?

ಹಳೆವಿದ್ಯಾರ್ಥಿ:

ನಾನು ಎನ್4 ಮಟ್ಟದಲ್ಲಿಯೇ ಸಂಭಾಷಣೆಯ ತರಗತಿಗೆ ಸೇರಿದವಳು, ಈಗ ಕೆಲಸದಲ್ಲಿ ದಿನವೂ ಜಪಾನಿ ಬಳಸುತ್ತೇನೆ. ಪೂರ್ಣ ಉತ್ತರಗಳನ್ನು ಬರೆದುಕೊಂಡು ಹೋಗಬೇಡಿ; ಬರೆದದ್ದನ್ನು ಓದತೊಡಗಿದರೆ ಕಣ್ಣು ಕಾಗದದ ಮೇಲೆ ಇರುತ್ತದೆ, ಎದುರಿನವರು ಅನಿರೀಕ್ಷಿತವಾಗಿ ಒಂದು ಪ್ರಶ್ನೆ ಕೇಳಿದ ಕೂಡಲೇ ಎಲ್ಲವೂ ನಿಂತುಹೋಗುತ್ತದೆ. ಆದರೆ ಸಿದ್ಧತೆ ಇಲ್ಲದೆಯೂ ಹೋಗಬೇಡಿ. ಆ ದಿನದ ವಿಷಯಕ್ಕೆ ಬೇಕಾಗುವ ಹತ್ತು ಹನ್ನೆರಡು ಪದಗಳು, ಬಳಸಲೇಬೇಕೆಂದು ನೀವು ನಿರ್ಧರಿಸಿದ ಎರಡು ವಾಕ್ಯರಚನೆಗಳು, ಎದುರಿನವರಿಗೆ ನೀವು ಕೇಳಲಿರುವ ಮೂರು ಪ್ರಶ್ನೆಗಳು, ಇಷ್ಟು ಸಾಕು. ಪ್ರಶ್ನೆ ಕೇಳುವುದನ್ನು ಬಹಳ ಜನ ಮರೆಯುತ್ತಾರೆ. ತರಗತಿಯಲ್ಲಿ ಪ್ರಶ್ನೆ ಯಾವಾಗಲೂ ಶಿಕ್ಷಕರಿಂದಲೇ ಬರುವುದರಿಂದ, ವರ್ಷ ಕಳೆದರೂ ಪ್ರಶ್ನಾರ್ಥಕ ವಾಕ್ಯಗಳು ಬಾಯಿಗೆ ಹತ್ತದೆ ಉಳಿದುಬಿಡುತ್ತವೆ, ಹೊರಗಿನ ಸಂಭಾಷಣೆಯಲ್ಲಿಯೋ ಅರ್ಧ ಮಾತು ಪ್ರಶ್ನೆಯೇ ಆಗಿರುತ್ತದೆ.

ಶಿಕ್ಷಕರ ಮತ್ತು ಸಹಪಾಠಿಗಳ ಒಪ್ಪಿಗೆ ಪಡೆದು ನಿಮ್ಮ ಮಾತಿನ ಒಂದು ಭಾಗವನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮನೆಗೆ ಬಂದು ಅದರಲ್ಲಿ ಎರಡೇ ನಿಮಿಷಗಳ ಮಾತನ್ನು, ತಡವರಿಕೆ, ಅರ್ಧಕ್ಕೆ ನಿಂತ ವಾಕ್ಯ ಎಲ್ಲವನ್ನೂ ಬಿಡದೆ, ಹಾಗೆಯೇ ಬರೆದುಕೊಳ್ಳಿ. ನನಗೆ ಅತಿ ಹೆಚ್ಚು ಉಪಕಾರ ಮಾಡಿದ ಅಭ್ಯಾಸ ಇದು. ಪ್ರತ್ಯಯವನ್ನು ತಪ್ಪಿದ್ದು, ಗೌರವರೂಪವನ್ನೂ ಸಲಿಗೆಯ ರೂಪವನ್ನೂ ಒಂದೇ ಉಸಿರಿನಲ್ಲಿ ಬೆರೆಸಿದ್ದು, ಒಂದೇ ವಿಶೇಷಣವನ್ನು ಪದೇ ಪದೇ ಹೇಳಿದ್ದು ಎಲ್ಲವೂ ಬರಹದಲ್ಲಿ ಎದ್ದು ಕಾಣುತ್ತದೆ. ಸರಿಪಡಿಸಿದ ಪ್ರತಿಯನ್ನು ಮುಂದಿನ ತರಗತಿಗೆ ಒಯ್ದು ಶಿಕ್ಷಕರಿಗೆ ತೋರಿಸಿ, ಅದೇ ವಿಷಯವನ್ನು ಕಾಗದ ನೋಡದೆ ಮತ್ತೊಮ್ಮೆ ಹೇಳಿ. ಹೊಸ ವಿಷಯಕ್ಕೆ ಹಾರುವ ಆತುರ ಬೇಡ. ಒಂದೇ ವಿಷಯವನ್ನು ಮೂರು ತರಗತಿಗಳಲ್ಲಿ ಮೂರು ಜನರಿಗೆ ಹೇಳಿದವರ ಮಾತು, ಮೂರು ವಿಷಯಗಳನ್ನು ಒಂದೊಂದು ಸಲ ಹೇಳಿದವರ ಮಾತಿಗಿಂತ ಬಹಳ ಬೇಗ ಗಟ್ಟಿಯಾಗುತ್ತದೆ.

ತರಗತಿ ಇಲ್ಲದ ದಿನಗಳಲ್ಲಿ ಶ್ಯಾಡೋಯಿಂಗ್ ಮಾಡಿ, ಅಂದರೆ ಧ್ವನಿಮುದ್ರಿಕೆಯನ್ನು ಕೇಳುತ್ತ, ಅದು ನಿಲ್ಲುವುದನ್ನು ಕಾಯದೆ, ಒಂದೆರಡು ಪದಗಳಷ್ಟು ಹಿಂದಿನಿಂದ ಅದೇ ಮಾತನ್ನು ಗಟ್ಟಿಯಾಗಿ ನುಡಿಯುತ್ತ ಹೋಗುವುದು. ನಿಮ್ಮ ಮಟ್ಟಕ್ಕಿಂತ ಸ್ವಲ್ಪ ಸುಲಭವಾದ, ಅರ್ಥ ಪೂರ್ತಿ ತಿಳಿದಿರುವ ಮುದ್ರಿಕೆಯನ್ನೇ ಆರಿಸಿಕೊಳ್ಳಿ. ವ್ಯಾಕರಣಪ್ರಿಯರು ಹೇಳಿದ ಸ್ವರದ ಏರಿಳಿತ ನನಗೆ ಹತ್ತಿದ್ದು ಇದರಿಂದಲೇ.

ಅರಳುಮಾತು:

ಗುಂಪು ಅಥವಾ ಒಬ್ಬರೇ ಎಂಬ ಪ್ರಶ್ನೆ ಇನ್ನೂ ಉಳಿದಿದೆ. ಒಬ್ಬರಿಗೇ ಹೇಳಿಕೊಡುವ ತರಗತಿಯಲ್ಲಿ ಮಾತಿನ ಹೊತ್ತು ಹೆಚ್ಚು, ತಿದ್ದುವಿಕೆ ನಿಮ್ಮ ಅಗತ್ಯಕ್ಕೇ ಸರಿಹೊಂದುತ್ತದೆ, ಶುಲ್ಕವೂ ಹೆಚ್ಚು. ಆದರೆ ಕೆಲವು ತಿಂಗಳುಗಳಲ್ಲಿ ಶಿಕ್ಷಕರಿಗೆ ನಿಮ್ಮ ಅರ್ಧ ಮಾತಿನಿಂದಲೇ ಪೂರ್ತಿ ಅರ್ಥವಾಗತೊಡಗುತ್ತದೆ, ಆಗ ನೀವು ಸ್ಪಷ್ಟವಾಗಿ ಹೇಳುವ ಶ್ರಮವನ್ನು ಬಿಡುತ್ತೀರಿ. ಗುಂಪಿನಲ್ಲಿ ಬೇರೆ ಬೇರೆ ಉಚ್ಚಾರಣೆಯ, ನಿಮ್ಮನ್ನು ಸುಲಭವಾಗಿ ಅರ್ಥಮಾಡಿಕೊಳ್ಳದ ಜನ ಇರುತ್ತಾರೆ, "ಏನಂದಿರಿ?" ಎಂದು ಅವರು ಕೇಳಿದಾಗ ಬೇರೆ ಮಾತಿನಲ್ಲಿ ಹೇಳಲೇಬೇಕಾಗುತ್ತದೆ. ನಾಲ್ಕರಿಂದ ಆರು ಜನರ ಗುಂಪು ನನ್ನ ಆಯ್ಕೆ. ಸಂಕೋಚ ಬಹಳ ಇದ್ದರೆ ಮೊದಲ ಒಂದು ತಿಂಗಳು ಒಬ್ಬರೇ ಕಲಿತು, ಆಮೇಲೆ ಗುಂಪಿಗೆ ಸೇರಿ.

ಹೊಸಕಲಿಕೆ:

ಎರಡು ಶಾಲೆಗಳ ಡೆಮೊ ತರಗತಿಗಳಿಗೆ ಹೆಸರು ಕೊಟ್ಟಿದ್ದೇನೆ. ತಿದ್ದುವುದು ಯಾವಾಗ, ಹೇಗೆ ಎಂಬುದನ್ನೂ, ಜೋಡಿಯಾಗಿ ಮಾತನಾಡಲು ಎಷ್ಟು ಹೊತ್ತು ಕೊಡುತ್ತಾರೆ ಎಂಬುದನ್ನೂ, ಶುಲ್ಕ ಹಿಂತಿರುಗಿಸುವ ನಿಯಮವನ್ನೂ ಕೇಳಲಿದ್ದೇನೆ. ತಂಗಿ ಎರಡು ನಿಮಿಷದ ಮಾತಿನ ಅಭ್ಯಾಸ ಇರುವ ತರಗತಿಯನ್ನೇ ಹುಡುಕುವುದಾಗಿ ಹೇಳಿದ್ದಾಳೆ. ಒಂದು ಸಂದೇಹ ಮಾತ್ರ ಉಳಿದಿದೆ: ಪರೀಕ್ಷೆಯಲ್ಲಿ ಮಾತಿನ ಭಾಗವೇ ಇಲ್ಲದಿರುವಾಗ, ನಾನು ಮುಂದುವರಿದಿದ್ದೇನೆಯೇ ಇಲ್ಲವೇ ಎಂಬುದನ್ನು ತಿಳಿಯುವುದು ಹೇಗೆ?

ಬೋಧಕಿ:

ಸೇರಿದ ಮೊದಲ ವಾರದಲ್ಲಿಯೇ ಒಂದು ವಿಷಯದ ಮೇಲೆ ಮೂರು ನಿಮಿಷ ಮಾತನಾಡಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮೂರು ತಿಂಗಳಿಗೊಮ್ಮೆ ಅದೇ ವಿಷಯದ ಮೇಲೆ, ಹಳೆಯದನ್ನು ಕೇಳದೆ, ಮತ್ತೆ ಮಾತನಾಡಿ ಎರಡನ್ನೂ ಹೋಲಿಸಿ. ಇದರ ಜೊತೆಗೆ, ಭಾಷಾ ಮಟ್ಟವನ್ನು ಅಳೆಯುವ ಯುರೋಪಿನ ಸಿಇಎಫ್‌ಆರ್ ಮಾದರಿಯನ್ನು ಅನುಸರಿಸಿ ಜಪಾನ್ 2021ರಲ್ಲಿ ಸಿದ್ಧಪಡಿಸಿದ ಜಪಾನಿ ಭಾಷಾ ಶಿಕ್ಷಣದ ಚೌಕಟ್ಟು ಅತಿ ಕೆಳಗಿನ ಎ1ರಿಂದ ಅತಿ ಮೇಲಿನ ಸಿ2ರವರೆಗೆ ಆರು ಹಂತಗಳನ್ನು ಗುರುತಿಸುತ್ತದೆ. ಅದರಲ್ಲಿ ಇಬ್ಬರ ನಡುವಿನ ಸಂಭಾಷಣೆಗೂ ಒಬ್ಬರೇ ನಿಂತು ಹೇಳುವ ಮಾತಿಗೂ ಪ್ರತ್ಯೇಕವಾದ ವಿವರಣೆಗಳಿವೆ. ನಿಮ್ಮ ಓದು ಎ2ರಲ್ಲಿದ್ದು ಮಾತು ಎ1ರಲ್ಲಿರಬಹುದು, ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಡೆಮೊ ತರಗತಿಯ ದಿನ ಶಾಲೆಯವರನ್ನು ಹೀಗೆ ಕೇಳಿ: "ನನ್ನ ಮಾತನ್ನು ಈ ಹಂತಗಳಲ್ಲಿ ಎಲ್ಲಿಡುತ್ತೀರಿ, ಆರು ತಿಂಗಳ ನಂತರ ಯಾವ ಕೆಲಸವನ್ನು ಜಪಾನಿಯಲ್ಲಿ ಮಾಡಬಲ್ಲೆ ಎನ್ನುತ್ತೀರಿ?" ನಿರ್ದಿಷ್ಟವಾದ ಉತ್ತರ ಕೊಡುವ ಶಾಲೆಗೆ ಸೇರಿ. ಡೆಮೊ ತರಗತಿಗಳು ಮುಗಿದ ಮೇಲೆ ಅವರು ಏನೆಂದರು ಎಂಬುದನ್ನು ಇಲ್ಲಿ ಬರೆಯಿರಿ, ಎರಡರಲ್ಲಿ ಯಾವುದು ನಿಮಗೆ ಹೊಂದುತ್ತದೆಂದು ಸೇರಿ ನೋಡೋಣ.